ಅಂದಾಜು ನಕ್ಷೆ

ಮನೆಗಣತಿಗೆಂದು ನನಗೆ ಸಿಕ್ಕಿದ್ದು
ಬೋಳಾರದ ಒಂದು ಬ್ಲಾಕು, ಒಂದು ಖಾಲಿ ಹಾಳೆ,
ಮೂಲೆಯಲ್ಲಿ ಮೊದಲೇ ಅಚ್ಚಾದ ಉತ್ತರದ ಬಾಣ.
"ಅಳತೆ ಬೇಡ, ಅಂದಾಜು ಸಾಕು" ಎಂದಿದ್ದರು ತರಬೇತಿಯಲ್ಲಿ,
ಗೋಳಿಬಜೆ ಮುರಿಯುತ್ತ.

ಹದಿನೆಂಟು ವರ್ಷ ನಡೆದ ದಾರಿ.
ಪೆನ್ಸಿಲು ಎತ್ತದೆ ಎಳೆದೆ, ನೆಟ್ಟಗೆ.
ಮರುದಿನ ಹೋಗಿ ನೋಡಿದರೆ
ರಸ್ತೆ ಮೂರು ಕಡೆ ಸೊಂಟ ತಿರುಗಿಸಿ ನಿಂತಿದೆ.
ಹಂಚಿನ ಕಾರ್ಖಾನೆಯ ಚಿಮಣಿ ಬಲಕ್ಕೆ ಬರೆದಿದ್ದೆ,
ಅದು ಎಡಕ್ಕಿತ್ತು, ಇದ್ದಾಗ.
ನನ್ನ ಶಾಲೆ ಹಾಳೆಯ ಕಾಲುಭಾಗ ತಿಂದಿತ್ತು.
ಹನ್ನೊಂದು ಮನೆ ಬಿಟ್ಟೇಹೋಗಿದ್ದವು,
ಎಲ್ಲವೂ ನಾನು ಮಾತಾಡಿಸದವರದು.

ಮೀನಿನ ವಾರಿಜಕ್ಕ ಬುಟ್ಟಿ ಇಳಿಸಿ
ಹಾಳೆ ಹಿಡಿದು ತಿರುಗಿಸಿದರು, ತಿರುಗಿಸಿದರು,
ಹೊಳೆಯ ಗೆರೆ ಹೊಳೆಯ ಕಡೆಗೆ ಬರುವತನಕ.
"ಇದರಲ್ಲಿ ಏರು ಎಲ್ಲಿ ಉಂಟು ಟೀಚರೇ?"
ಏರು ಇಲ್ಲ, ಎಂದೆ. ಕಾಗದವಲ್ಲವಾ.
"ಹಾಗಾದರೆ ಇದು ಯಾವ ಊರು ಮಾರಾಯ್ರೆ?"

ಅವರ ಲೆಕ್ಕವೇ ಬೇರೆ.
ದಕ್ಕೆಯಿಂದ ಮುಳಿಹಿತ್ಲಿನವರೆಗೆ ಕುತ್ತಿಗೆ ಒಳಗಿಳಿಯುತ್ತದೆ.
ಕಾರ್ಮಿನ್ ಬಾಯಿ ಎರಡು ಕಿಲೋ ಬಂಗುಡೆ ತಕ್ಕೊಂಡರೆ
ಅಲ್ಲಿಂದ ಮಾರ್ಗನ್ಸ್ ಗೇಟು ಹತ್ತಿರ,
ತಕ್ಕೊಳ್ಳದಿದ್ದರೆ ದೂರ.
ಬೆಕ್ಕು ಕಾದು ಕೂತಲ್ಲಿ ಬಲಕ್ಕೆ ತಿರುಗುವುದು.
ಸೋಮವಾರ ಇಡೀ ಊರೇ ಉದ್ದ.

"ಮತ್ತೆ ನಿಮ್ಮ ಸುಗಂಧಿಯ ಮನೆ ಎಲ್ಲಿ?" ಎಂದು
ಒದ್ದೆ ಬೆರಳು ಇಟ್ಟರು, ನಾನು
ತೆಂಗಿನ ಮರ ಬರೆದು ಮುಚ್ಚಿದ ಜಾಗದಲ್ಲಿ.
ದೊಡ್ಡಪ್ಪನ ಮಗಳು. ಬಾವಿಕಟ್ಟೆಯ ಕೇಸು.
ಆರು ವರ್ಷದಿಂದ ಆ ಗೇಟಿನೆದುರು ಬಂದಾಗ
ನಾನು ಮೊಬೈಲು ನೋಡುತ್ತೇನೆ.
ಬೆರಳು ಎತ್ತಿದ ಮೇಲೆ ಅಲ್ಲಿ
ಒಂದು ಹುರುಪೆ ಅಂಟಿಕೊಂಡು ಮಿನುಗುತ್ತಿತ್ತು.

ಸಂಜೆ ಹೋದೆ. ಹೋಗಲೇಬೇಕಿತ್ತು, ಸರಕಾರಿ ಕೆಲಸ.
ಅಂಗಳದ ಲೈಟು ಹಾಕಿರಲಿಲ್ಲ.
ನನಗೆ ಮರೆತದ್ದು ಕಾಲಿಗೆ ನೆನಪಿತ್ತು:
ಮೂರನೆಯ ಕೆಂಪುಕಲ್ಲು ಅಲುಗಾಡುತ್ತದೆ, ದಾಟು.
ಫೈಲು ಎದೆಗವಚಿ, ಸೀರೆ ಎತ್ತಿ, ಒಂದೇ ನೆಗೆತ,
ಚಿಕ್ಕಂದಿನ ಹಾಗೆಯೇ.

ಕಲ್ಲುಗಳನ್ನೆಲ್ಲ ಯಾವಾಗಲೋ ಕಿತ್ತು
ಇಂಟರ್‌ಲಾಕ್ ಹಾಕಿಸಿದ್ದಾರೆ.
ಬಾಗಿಲಲ್ಲಿ ಸುಗಂಧಿ ನಿಂತಿದ್ದಳು,
ನಾನು ಹಾರಿದ್ದು ನೋಡಿದಳು.

ಪೆನ್ನಿನ ಮುಚ್ಚಳ ತೆಗೆದೆ.
ಮೊದಲ ಪ್ರಶ್ನೆ: ಮನೆಯ ಯಜಮಾನರ ಹೆಸರು?