ಕರ್ತರಿ ಪ್ರಯೋಗ

ಅಜ್ಮಾನಿನ ನಾಲ್ಕನೇ ಮಾಳಿಗೆಯಲ್ಲಿ
ಆರಲು ಹಾಕಿದ ಅಂಗಿಗಳ ಸಂದಿಯಿಂದ
ಹಡಗೊಂದರ ದೀಪ ಕಾಣುತ್ತದೆ.
ಹದಿನಾಲ್ಕು ತಿಂಗಳಿಂದ ಅಲ್ಲೇ ಇದೆ.
ಮಾಲೀಕ ಫೋನೆತ್ತುವುದಿಲ್ಲವಂತೆ.

ಆ ದೀಪದಡಿಗೆ ಒಬ್ಬ ಅಡುಗೆಯವನನ್ನು ಬರೆದೆ:
ವಾಮನ ಮೆಂಡನ್, ಮಲ್ಪೆ, ವಯಸ್ಸು ಐವತ್ತೆರಡು,
ಎಡಗಿವಿ ಮಂದ.
ಪಾಸ್‌ಪೋರ್ಟು ಏಜೆಂಟನ ಕಪಾಟಿನಲ್ಲಿ,
ಡೀಸೆಲ್ ದಿನಕ್ಕೆರಡು ಗಂಟೆ,
ಕುಡಿಯುವ ನೀರಿಗೆ ತುಕ್ಕಿನ ರುಚಿ.

ಓದಿಕೊಂಡರೆ ಕ್ರಿಯಾಪದಗಳೆಲ್ಲ ಬೇರೆಯವರವು.
ಕರೆತಂದರು, ಕೂರಿಸಿದರು, ಮರೆತರು.
ಬ್ರಹ್ಮಾವರದ ಸಂಜೀವಿ ಟೀಚರು
‘ಮಾಡಲ್ಪಟ್ಟಿತು’ ಎಂದು ಬರೆದರೆ ಗೆಣ್ಣಿಗೇ ಹೊಡೆಯುತ್ತಿದ್ದರು:
“ಯಾರು ಮಾಡಿದ್ದು? ಕರ್ತೃ ಎಲ್ಲಿ ಸತ್ತ?”

ಒಂದು ರಾತ್ರಿ ಬಿರುಗಾಳಿ ತಂದೆ.
ಸರಪಳಿ ತುಂಡಾಗಿ ಹಡಗು ದಡಕ್ಕೆ ಬಂತು.
ಅದು ಗಾಳಿಯ ಕೆಲಸ. ಹಾಳೆ ಹರಿದೆ.
ಇನ್ನೊಂದು ರಾತ್ರಿ, ನೀರಿಗೆ ಹಾರು ಎಂದೆ.
“ಮೂರು ಮೈಲು ಈಜುವುದು
ಕಡಲು ಗೊತ್ತಿಲ್ಲದವರ ಕತೆಯಲ್ಲಿ ಮಾರಾಯ್ರೆ.
ಉಳಿದ ಐವರಿಗೆ ಬೆಳಿಗ್ಗೆ ಗಂಜಿ ನೀವು ಬೇಯಿಸುತ್ತೀರಾ?”

ಆಮೇಲೆ ನಾನು ಬರೆಯಲಿಲ್ಲ, ನೋಡಿದೆ.
ಹಡಗಿನ ಹಿತ್ತಾಳೆ ಗಂಟೆ ಬಿಚ್ಚಿ
ಹಾದುಹೋಗುವ ದೋಣಿಗೆ ಕೊಟ್ಟು
ಒಂದು ಮೂಟೆ ನೀರುಳ್ಳಿ ಇಳಿಸಿಕೊಂಡ.
ಕಳವಲ್ಲವೇ ಎಂದೆ.
“ಸಂಬಳ” ಎಂದ, ಸಿಪ್ಪೆ ಸುಲಿಯುತ್ತ.

ಶುಕ್ರವಾರ ಏಜೆಂಟನ ಲಾಂಚು ಬಂತು.
‘ಬರಬೇಕಾದ್ದೆಲ್ಲ ಬಂದಿದೆ’ ಎಂಬ ಕಾಗದ;
ಸಹಿ ಹಾಕಿದರೆ ನಾಳೆಯೇ ಟಿಕೆಟು.
ನನಗೂ ಅವನನ್ನು ಊರಿಗೆ ಮುಟ್ಟಿಸಿ ಕತೆ ಮುಗಿಸಬೇಕಿತ್ತು,
ಮಲ್ಪೆಯ ಬಂದರು, ಮಗಳು, ಎಲ್ಲ ಸಿದ್ಧವಾಗಿತ್ತು.
ಕೈ ತೊಳೆದ, ಲುಂಗಿಗೆ ಒರೆಸಿದ,
ಬಲಗಿವಿಯ ಹತ್ತಿರ ಗಟ್ಟಿಯಾಗಿ ಓದಿಸಿಕೊಂಡ, ಎರಡು ಸಲ.
“ಬಂದಿಲ್ಲವಲ್ಲ” ಎಂದ.
ಪೆನ್ನಿನ ಮುಚ್ಚಳ ಹಾಕಿ ವಾಪಸು ಕೊಟ್ಟ.

ಶಾರ್ಜಾದ ಒಂದು ಎ.ಸಿ. ಕೋಣೆಯಲ್ಲಿ
ಅಂಥದೇ ಕಾಗದಕ್ಕೆ ನಾನು ಹಾಕಿದ ಸಹಿ
ಚೆನ್ನಾಗಿಯೇ ಬಂದಿತ್ತು. ಕೆಳಗೆ ಎರಡು ಗೆರೆ ಬೇರೆ.
ಇದನ್ನು ಅವನಿಗೆ ಹೇಳಿಲ್ಲ.

ಹತ್ತೂವರೆ. ಅಂಗಿ ಒಣಗಿವೆ, ತೆಗೆಯಲು ಎದ್ದೆ.
ಅತ್ತ ಕಡಲ ಮೇಲೆ ದೀಪ ಇಲ್ಲ.
‘ಆರಿತು’ ಎಂದು ಬರೆದವನು
ಗೆಣ್ಣು ನೀವಿಕೊಂಡು, ಹೊಡೆದುಹಾಕಿ,
ತಿದ್ದಿದೆ: ಆರಿಸಿದ.