ಹತ್ತಕ್ಕೆ ಆರೂವರೆ

ಏಪ್ರಿಲ್‌ನಲ್ಲಿ ಬಂದಿದ್ದರು ಇಬ್ಬರು, ಗಂಡ ಹೆಂಡತಿ,
ಒಂದೇ ಬಣ್ಣದ ಟೋಪಿ, ಕೊರಳಲ್ಲಿ ಟಾರ್ಚು.
ಶೌಚಾಲಯದ ಮೂಲೆಮೂಲೆಗೂ ಬೆಳಕು ಬಿಟ್ಟರು,
ಬಟ್ಟೆ ತೂಗಲು ಕೊಕ್ಕೆ ಎಷ್ಟು, ಕನ್ನಡಿ ಎಷ್ಟು,
ಬಿಸಿನೀರು ಬರಲು ಎಷ್ಟು ಹೊತ್ತು
ಎಂದು ಗಡಿಯಾರ ಹಿಡಿದು ನಿಂತರು.
ಇಪ್ಪತ್ತೆಂಟು ಜಾಗಗಳ ಇಪ್ಪತ್ತೆಂಟು ಕರೆಂಟು ಕಂಬಕ್ಕೂ
ಮೀಟರು ಚುಚ್ಚಿದರು.
ಕಾಫಿ ಕೊಟ್ಟೆ. ಕುಡಿಯಲಿಲ್ಲ.
ನಿಯಮವಂತೆ.

ಜನವರಿಯಲ್ಲಿ ಪುಸ್ತಕ ಬಂತು, ಇಟ್ಟಿಗೆಯಷ್ಟು ದಪ್ಪ.
ನೆಬ್ರಾಸ್ಕಾದ ಪುಟಗಳಲ್ಲಿ, ಪ್ಲ್ಯಾಟ್ ನದಿಯ ದಂಡೆಯ ನಮ್ಮ ಅಂಗಳ:
ಸೌಕರ್ಯಕ್ಕೆ ಏಳು, ಸ್ನಾನದ ಮನೆಗೆ ಎಂಟೂವರೆ,
ನೋಟಕ್ಕೆ ನಾಲ್ಕೇ ನಾಲ್ಕು.
ಒಳರಸ್ತೆ ಜಲ್ಲಿ. ಪಶ್ಚಿಮದ ಸಾಲಿನಲ್ಲಿ ಕೊಂಬೆ ತಗ್ಗು.
ರಾತ್ರಿಯಿಡೀ ರೈಲಿನ ಸದ್ದು.

ಮೊಸರಲ್ಲಿ ಕಲ್ಲು ಹುಡುಕುವ ಜನ, ಅಂದೆ.
ಮಾರ್ಚಿನಲ್ಲಿ ಮರಳುದಿಣ್ಣೆ ತುಂಬ ಕ್ರೌಂಚಗಳು ಇಳಿಯುತ್ತವಲ್ಲ,
ಅದಕ್ಕೆ ಅಂಕವಿಲ್ಲ.
ಇವರು ಬರುವ ಹಿಂದಿನ ವಾರವಷ್ಟೇ
ಹೊರಟುಹೋಗಿದ್ದವು.
ತಮ್ಮ ಎಲ್ಡನ್ ಹೇಳಿದ: ಹಳಿಯುದ್ದಕ್ಕೂ ದೇವದಾರು ನೆಡು ವೆಲ್ಡಾ,
ಹತ್ತು ವರ್ಷಕ್ಕೆ ಗೋಡೆಯಾಗುತ್ತದೆ.
ನಲವತ್ತು ಸಸಿಗೆ ದುಡ್ಡು ಕಟ್ಟಿದೆ.
ಹತ್ತು ವರ್ಷಕ್ಕೆ ನನಗೆ ಎಂಬತ್ತೊಂದು.

ಜೂನ್. ಕತ್ತಲಾದ ಮೇಲೆ ಒಂದು ಟ್ರೇಲರು,
ಮೂವತ್ತೆಂಟು ಅಡಿ ಮನೆ, ಮುಂದೆ ಹಳೆಯ ಪಿಕಪ್ಪು.
ಗೇಟಿನಲ್ಲಿ ತಡವರಿಸಲಿಲ್ಲ.
ಪಶ್ಚಿಮಕ್ಕೆ ತಿರುಗಲಿಲ್ಲ; ಅಲ್ಲಿ ಕೊಂಬೆ ತಗ್ಗೆಂದು
ಈ ಊರು ಕಾಣದವನಿಗೆ ಗೊತ್ತಿತ್ತು.
ಅಡ್ಡದಾರಿ ಹಿಡಿದರೆ ಅರ್ಧ ಮೈಲಿ ಹಿಂದಕ್ಕೇ ಸರಿಯಬೇಕಾದವನಿಗೆ,
ಬೆನ್ನಿಗೆ ಮನೆ ಕಟ್ಟಿಕೊಂಡು ರಾತ್ರಿ ಬರುವವನಿಗೆ
ಹೊಗಳಿಕೆ ಯಾತಕ್ಕೆ?

ಡೆಲ್ಮಾರ್ ಹ್ರುಸ್ಕಾ, ವಿಲ್ಬರ್ ಊರಿನವ.
ರೈಲಿಗೆ ತೀರಾ ಹತ್ತಿರದ ಜಾಗ ಯಾವುದು, ಅಂದ.
ನನ್ನ ಕಿವಿಯೇ ಮಂದವಾಯಿತೇನೋ ಅಂದುಕೊಂಡೆ.
ಹನ್ನೊಂದನೆಯದು, ಅಂದೆ. ಯಾರೂ ತೆಗೆದುಕೊಳ್ಳುವುದಿಲ್ಲ.
ಅದೇ ಕೊಡಿ.

ಮೂವತ್ತನಾಲ್ಕು ವರ್ಷ ಕಲ್ಲಿದ್ದಲ ರೈಲು ಓಡಿಸಿದ್ದಾರೆ,
ಹೆಂಡತಿ ಆರ್ಡಿತ್ ಚೀಟಿಗೆ ಸಹಿ ಹಾಕುತ್ತ ಹೇಳಿದಳು.
ನಿವೃತ್ತಿಯಾದ ವರ್ಷ, ಸರೋವರದ ದಂಡೆ, ಒಂಬತ್ತೂವರೆ ಅಂಕ,
ಎಲೆ ಬಿದ್ದರೆ ಕೇಳಿಸುವ ಜಾಗ;
ಮೂರು ರಾತ್ರಿ ಇವರಿಗೆ ರೆಪ್ಪೆ ಅಂಟಲಿಲ್ಲ.
ನಾಲ್ಕನೆಯ ರಾತ್ರಿ ನಾನು ಪುಸ್ತಕ ತೆಗೆದೆ,
ಇನ್ನೊಬ್ಬರು ಕಾಟು ಹಾಕುವ ಸಾಲುಗಳಿಗೆ
ಅಡಿಗೆರೆ ಎಳೆಯುತ್ತ ಹೋದೆ.
ತೋರಿಸಿದಳು. ನಮ್ಮ ಪುಟದಲ್ಲಿ
ಎರಡು ಗೆರೆ.

ಎರಡು ಗಂಟೆ ಹತ್ತು ನಿಮಿಷದ ಗಾಡಿ,
ನೂರಮೂವತ್ತು ಡಬ್ಬಿ, ಕಿಟಕಿ ಗಾಜು ಗಡಗಡ.
ಟಾರ್ಚು ಹಿಡಿದು ಹೋದೆ, ಕ್ಷಮೆ ಕೇಳೋಣವೆಂದು.
ಮೆಟ್ಟಿಲ ಮೇಲೆ ಆರ್ಡಿತ್, ಕಿವಿಯಲ್ಲಿ ಮೇಣ,
ತನ್ನಷ್ಟಕ್ಕೆ ಇಸ್ಪೀಟು ಹರಡಿಕೊಂಡು.
ಒಳಗೆ, ಕೊನೆಯ ಡಬ್ಬಿ ದಾಟಿದ ಮೇಲೆ,
ಗೊರಕೆ.
ಅವಳು ಕೈ ಬೀಸಿದಳು. ರಾಣಿಯ ಮೇಲೆ ಗುಲಾಮ ಇಟ್ಟಳು.
ಒಂದು ರಾತ್ರಿಗೆಂದು ಬಂದವರು ಹನ್ನೊಂದು ರಾತ್ರಿ ಇದ್ದರು.

ಸಸಿಗಳನ್ನು ಉತ್ತರಕ್ಕೆ ನೆಟ್ಟೆ, ಚಳಿಗಾಳಿಗೆ.

ಮತ್ತೆ ಏಪ್ರಿಲ್, ಮತ್ತೆ ಅದೇ ಎರಡು ಟೋಪಿ.
ಏನಾದರೂ ಬದಲಾವಣೆ?
ಕೊಂಬೆ ಕಡಿಸಿದ್ದೇನೆ, ಏಣಿ ತಂದು ಅಳೆಯಿರಿ.
ರೈಲು ಹಾಗೇ ಇದೆ.
ಮತ್ತೆ, ಆಗಸ್ಟಿನಲ್ಲಿ ತೆಂಕಣ ಗಾಳಿ ಎದ್ದರೆ
ಆಚೆಯ ದನದ ದೊಡ್ಡಿ ಮೂಗಿಗೆ ಬಡಿಯುತ್ತದೆ,
ಅದನ್ನೂ ಬರೆದುಕೊಳ್ಳಿ.
ಇಬ್ಬರೂ ಮುಖ ಮುಖ ನೋಡಿಕೊಂಡರು.
ಯಾರಿಗೆ ಏನು ಬೇಕೋ, ಅಂದೆ.
ಗಂಡಸು ಪೆನ್ಸಿಲ್ ತುದಿ ನಾಲಗೆಗೆ ತಾಗಿಸಿದ.

ಕಾಫಿ ಈ ಸಲವೂ ಕುಡಿಯಲಿಲ್ಲ.
ಒಳ್ಳೆಯದೇ ಆಯಿತು.