ಫ್ಯಾನ್ ಹಾಕಬೇಡಿ

ಗೋಣಿಕೊಪ್ಪದ ನನ್ನ ಸಲೂನಿನಲ್ಲಿ
ಎರಡು ಕುರ್ಚಿ, ಒಂದೂವರೆ ಕನ್ನಡಿ.
ಕನ್ನಡಿ ಒಡೆದ ಕಡೆ ಈ ಜರಿಗಿಡ.
ಪಾಲಿಬೆಟ್ಟದ ದಾರಿಯ ಮೋರಿಗೋಡೆಯಿಂದ
ಬ್ಲೇಡಿನಲ್ಲಿ ಬಿಡಿಸಿ ತಂದದ್ದು,
ಬೇರಿಗೆ ಅಂಟಿದ ಪಾಚಿ ಸಮೇತ.

ಕಡ್ಡಿ ನೋಡಿ: ಕಪ್ಪು, ಮಿರುಗು, ನಯ.
ಮೂವತ್ತು ವರ್ಷದಲ್ಲಿ ಇಂಥ ಕೂದಲು
ಈ ಕುರ್ಚಿಗೆ ಬಂದದ್ದಿಲ್ಲ.

ತಿನ್ನುವ ತೆರ್ಮೆಯಾ, ಅಂತ ಕೇಳಿದರು ಪೆಮ್ಮಯ್ಯ.
ಅಲ್ಲ, ಸುಮ್ಮನೆ ಇರುವುದು, ಅಂದೆ.

ಬಿಸಿಲು ತಾಗಬಾರದು, ಕತ್ತಲೂ ಆಗದು;
ಶೇವಿಂಗ್ ನೀರು ಕಾಯುವ ಸ್ಟೌವಿನ
ಹಬೆ ಎಟುಕುವಷ್ಟು ದೂರ,
ತಟ್ಟೆ ತುಂಬ ಬೆಣಚುಕಲ್ಲು, ಅದರ ಮೇಲೆ ಕುಂಡ.
ವಿಚಿತ್ರ ಜಾತಿ. ಸ್ಪ್ರೇ ಹೊಡೆದರೆ
ಹನಿ ಉರುಳಿ ಬೀಳುತ್ತದೆ, ಎಲೆ ನೆನೆಯುವುದೇ ಇಲ್ಲ;
ಬುಡ ಒಂದು ಮಧ್ಯಾಹ್ನ ಒಣಗಿದರೆ ಮಾತ್ರ
ಸಂಜೆಗೆ ಚಹಾಪುಡಿ.

ಮಾರ್ಚಿನಲ್ಲಿ ಹಾಗೇ ಆಯಿತು.
ಮದುವೆಗೆ ಅಂತ ಸುಳ್ಯದಲ್ಲಿ ಎರಡು ದಿನ;
ಹುಡುಗ ಮುತ್ತಲಿಬ್ ಫ್ಯಾನ್ ಹಾಕಿಯೇ ಬಿಟ್ಟಿದ್ದ.
ಬೈಯಲಿಲ್ಲ. ಕತ್ತರಿ ತೆಗೆದು
ಬುಡಮಟ್ಟ ಕತ್ತರಿಸಿದೆ,
ಟೈಫಾಯಿಡ್ ಬಿಟ್ಟ ಮಗುವಿಗೆ ಮಾಡುವ ಹಾಗೆ.

ಈಗ ಬರೀ ಮಣ್ಣಿಗೆ ನೀರು.
'ಸೆಕೆ ಐತಪ್ಪ, ಒಂದೇ ಒಂದರಲ್ಲಾದರೂ ಇಡು.'
ಕಿವುಡನ ಹಾಗೆ ಬಾಚಣಿಗೆ ತೊಳೆಯುತ್ತೇನೆ.
ಪೆಮ್ಮಯ್ಯನವರದು ಬೇರೆ ಚಿಂತೆ:
ಹೂಮಳೆ ಬಂದಿಲ್ಲ, ಕಾಫಿ ಮೊಗ್ಗು ಕಾಯುತ್ತಿದೆ.
ಅರ್ಧ ಗಡ್ಡಕ್ಕೆ ನೊರೆ ಹಚ್ಚಿಕೊಂಡು
ಬಾಗಿಲಾಚೆ ಆಕಾಶ ನೋಡುತ್ತಾರೆ,
ನಾನು ಕುಂಡ.

ನಿನ್ನೆ ಅವರೇ ಕನ್ನಡಕ ಹಾಕಿ ಬಗ್ಗಿದರು:
'ಏನೋ ಇದೆ ಮಾರಾಯ, ಸೂಜಿ ಮೊನೆಯಷ್ಟು, ಸುರುಳಿ.'
ಕತ್ತರಿಸಿದ ಕೂದಲಿರಬಹುದು, ಅಂದೆ.
ಊದಿದರು.
ಹಾರಲಿಲ್ಲ.